ಉತ್ತರಕ್ಕೆ ತಿರುಗದ ಆಮೆ

ಅವರ ಶ್ರದ್ಧಾಂಜಲಿ ಸಭೆ ನಡೆದದ್ದು ಚೆನ್ನೈನ ಎಗ್ಮೋರಿನ ಒಂದು ಹೋಟೆಲಿನ ಹಾಲಿನಲ್ಲಿ. ಹೊರಗೆ ಬಿಸಿಲು ಡಾಂಬರು ಕರಗಿಸುತ್ತಿತ್ತು. ಒಳಗೆ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಹೆಂಗಸರು ಮೈತುಂಬ ಸೆರಗು ಹೊದ್ದು ಕೂತಿದ್ದರು. ತೀರಿಕೊಂಡವರಿಗೆ ತಕ್ಕ ಸಭೆಯೇ ಅದು. ಮೈಕು ಹಿಡಿದವರು ಒಬ್ಬರಾದ ಮೇಲೊಬ್ಬರು ಹೊಗಳಿದರು. ಕನ್ನಡ ಸಂಘಕ್ಕೆ ಮಾಡಿದ ಸೇವೆ, ಅಪಾರ್ಟ್‌ಮೆಂಟಿಗೆ ತಂದ ಶಿಸ್ತು, ಊಟಕ್ಕೆ ಕರೆದು ಆದರಿಸುತ್ತಿದ್ದ ರೀತಿ. ಕೊನೆಗೆ ಒಬ್ಬರು ಗಂಟಲು ಸರಿಮಾಡಿಕೊಂಡು ಹೇಳಿದರು: "ಅವರ ಪ್ರಾಣಿದಯೆ ಎಷ್ಟು ಜನಕ್ಕೆ ಗೊತ್ತೋ ಇಲ್ವೋ. ಮಗೂ ಥರ ಸಾಕಿದ ಆಮೆ. ಫ್ಲ್ಯಾಟಲ್ಲಿ ಕೂಡಿಹಾಕಬಾರದು ಅಂತ ಪಲ್ಲಾವರದ ತಮ್ಮ ತೋಟದ ಮನೇಲಿ ಸ್ವತಂತ್ರವಾಗಿ ಬಿಟ್ಟಿದ್ರು."

ಸಭೆ ತಲೆದೂಗಿತು. ನಾನು ಕೈಯಲ್ಲಿದ್ದ ಕಾಫಿಯನ್ನು ಕುರ್ಚಿಯ ಕೆಳಗಿಟ್ಟೆ. ಆ ತೋಟದ ಮನೆಯನ್ನು ನಾನು ಚೆನ್ನಾಗಿ ಬಲ್ಲೆ. ಅಲ್ಲಿ ನನ್ನ ಹೆಂಡತಿ ದಿನವೂ ಬಟ್ಟೆ ಒಣಹಾಕುತ್ತಾಳೆ.

ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು, ಅದಕ್ಕೆ ಆವತ್ತು ಬಾಯಿ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ. ಹೆಸರು ಬೇಡ. ಊರೆಲ್ಲ ಅವರನ್ನು ಪ್ರೆಸಿಡೆಂಟ್ ಎಂದೇ ಕರೆಯುತ್ತಿತ್ತು. ಅಡ್ಯಾರಿನ ಅವರ ಅಪಾರ್ಟ್‌ಮೆಂಟಿಗೂ ಅವರೇ ಪ್ರೆಸಿಡೆಂಟು, ನಮ್ಮ ಕನ್ನಡ ಸಂಘಕ್ಕೂ ಬಹಳ ಕಾಲ ಅವರೇ. ಮೈಸೂರು ಕಡೆಯ ಮನೆತನ, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವರ ಕನ್ನಡದಲ್ಲಿ ತಮಿಳು ಮೊಸರನ್ನದ ಸಾಸಿವೆಯ ಹಾಗೆ ಸಿಗುತ್ತಿತ್ತು.

ನನ್ನನ್ನು ಅವರು ಕರೆಯುತ್ತಿದ್ದದ್ದು 'ಲೈಟು' ಎಂದು. ನನ್ನದು ಪಲ್ಲಾವರಂನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಚಿತ್ರದುರ್ಗದ ಕಡೆಯಿಂದ ಬಂದು, ಇಲ್ಲಿನ ಶುಕ್ರವಾರದ ಸಂತೆಯಲ್ಲಿ ಗೋಣಿತಾಟು ಹಾಸಿಕೊಂಡು ಹಳೇ ಚೋಕು, ಹೋಲ್ಡರು ಮಾರುತ್ತ ಶುರುಮಾಡಿದವನು. ನನಗೆ ವಿದ್ಯೆ ಅಂತ ಹತ್ತಿದ್ದು ಆ ಸಂತೆಯಲ್ಲಿ. ಬೇಕಾದ ವಸ್ತುವನ್ನು ಸತ್ತ ಇಲಿಯನ್ನು ನೋಡುವ ಹಾಗೆ ನೋಡಬೇಕು. ಎರಡು ಬೆರಳಲ್ಲಿ ಎತ್ತಿ, ಮುಖ ಕಿವುಚಿ, ಕೆಳಗಿಟ್ಟು ನಡೆಯಬೇಕು. ಹಿಂದಿನಿಂದ ಕರೆದರೆ ತಿರುಗಬಾರದು. ಮತ್ತೆ ಕರೆದರೆ, ಏನೋ ಅವರ ಪುಣ್ಯಕ್ಕೆ ಎನ್ನುವ ಹಾಗೆ ತಿರುಗಬೇಕು. ನಿಮ್ಮ ಮಕ್ಕಳಿಗೂ ಇದನ್ನು ಕಲಿಸಿ, ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಪ್ರೆಸಿಡೆಂಟರ ಮುಂದೆ ಮಾತ್ರ ಮುಖ ಕಿವುಚುವುದಕ್ಕೆ ನನಗೆ ನಟನೆ ಬೇಕಾಗಿರಲಿಲ್ಲ.

ಅವರು ಯಾರಿಗೆ ಕೈ ಕೊಟ್ಟರೂ ತಕ್ಷಣ ಜೇಬಿನಿಂದ ಕಾಗದದ ಕರವಸ್ತ್ರ ತೆಗೆದು, ಎದುರಿಗೇ ಕೈ ಒರೆಸಿಕೊಳ್ಳುತ್ತಿದ್ದರು. ಒರೆಸಿದ ಕಾಗದವನ್ನು ಸಿಕ್ಕಿದವರ ಕೈಗೆ ಕೊಡುತ್ತಿದ್ದರು, ಬಿಸಾಡಲಿ ಎಂದು. ಸಂಘದ ಸಭೆಯಲ್ಲಿ ಲಾಡನ್ನು ಅರ್ಧ ಕಚ್ಚಿ, ಸಿಹಿ ಜಾಸ್ತಿ ಎಂದು ತಟ್ಟೆಗೇ ವಾಪಸ್ಸು ಇಡುತ್ತಿದ್ದರು, ಎಲ್ಲರ ತಟ್ಟೆಗೆ. ಬಲಗೈ ಬೆರಳಲ್ಲಿ ಕಡಲೆಕಾಳಿನಷ್ಟು ದಪ್ಪ ಪಚ್ಚೆಯ ಉಂಗುರ. ಮಾತಾಡುವಾಗ ಅದನ್ನು ಮೇಜಿಗೋ ಗಾಜಿಗೋ ಕುಟ್ಟುತ್ತಲೇ ಇರಬೇಕು. ಯಾವ ವಸ್ತು ತೋರಿಸಿದರೂ ಮೊದಲ ಪ್ರಶ್ನೆ "ರೇಟೆಷ್ಟು?" ನಾನು ಅದೇ ಪ್ರಶ್ನೆ ಕೇಳುವುದು ಇಳಿಸುವುದಕ್ಕೆ. ಅವರು ಕೇಳುತ್ತಿದ್ದದ್ದು, ಕಡಿಮೆಯಿದ್ದರೆ ಬೇಡ ಎನ್ನುವುದಕ್ಕೆ.

ಒಂದು ಸಲ ಅಪಾರ್ಟ್‌ಮೆಂಟಿನ ಗೇಟಿನ ಕಾವಲುಗಾರರ ಗೂಡಿಗೆ ಒಂದು ಫ್ಯಾನು ಹಾಕಿಸಿ ಎಂದು ನಾನೇ ಹೇಳಿದೆ. ತಗಡಿನ ಗೂಡು. ಬೇಸಿಗೆಯಲ್ಲಿ ಒಳಗೆ ಕೈಯಿಟ್ಟರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಾಗುತ್ತಿತ್ತು.

"ಫ್ಯಾನ್ ಹಾಕಿದ್ರೆ ನಿದ್ದೆ ಮಾಡ್ತಾರೆ ರೀ," ಅಂದರು.

"ಮತ್ತೆ ಲಾಬಿಗೆ ಎ.ಸಿ. ಹಾಕಿಸಿದೀರಲ್ಲ ಸಾರ್, ಅಲ್ಲಿ ಯಾರೂ ಕೂರಲ್ಲ."

"ಅದಕ್ಕೇ ರೀ ಲೈಟು, ಅಲ್ಲಿ ಯಾರೂ ನಿದ್ದೆ ಮಾಡಲ್ಲ."

ಸುತ್ತ ಇದ್ದವರು ನಕ್ಕರು. ಅವರು ಉಂಗುರ ಕುಟ್ಟಿದರು. ತಣ್ಣಗಿರುವುದು ಅವರ ಪ್ರಕಾರ ದೊಡ್ಡವರ ಹಕ್ಕು. ಮನೆಯ ಹಾಲಿನಲ್ಲಿ ಎ.ಸಿ. ಸದಾ ಹದಿನೆಂಟರಲ್ಲಿ. ಐಪ್ಪಸಿಯಲ್ಲಿ, ಅಂದರೆ ದೀಪಾವಳಿ ಹೊತ್ತಿನ ಮಳೆಯಲ್ಲೂ ಅಷ್ಟೇ. ನಾನು ಅಲ್ಲಿಗೆ ಹೋಗುವಾಗ ಒಂದು ತುಂಬುತೋಳಿನ ಅಂಗಿ ಹಾಕಿಕೊಂಡೇ ಹೋಗುತ್ತಿದ್ದೆ.

ಆ ಹಾಲಿಗೆ ಆಮೆ ಬಂತು.

ಅಂಗೈಯಗಲದ ಮರಿ. ನಮ್ಮ ನಕ್ಷತ್ರ ಆಮೆಯಲ್ಲ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ, ಯಾರಾದರೂ ಮಾರಲು ಬಂದರೆ ಹತ್ತಿರವೂ ಸೇರಿಸಬೇಡಿ. ಇದು ಆಫ್ರಿಕಾದ ಒಣ ಸೀಮೆಯ ಜಾತಿ, ಅರಣ್ಯ ಇಲಾಖೆಯಲ್ಲಿ ಹೆಸರು ಬರೆಸಿ ಸಾಕಬಹುದು. ಬರೆಸಿದ್ದರು. ಅಷ್ಟರಮಟ್ಟಿಗೆ ಸರಿ.

"ನೋಡಿ ಲೈಟು," ಎಂದು ಗಾಜಿನ ತೊಟ್ಟಿಯನ್ನು ಉಂಗುರದಿಂದ ಕುಟ್ಟಿದರು. ಮರಿ ತಲೆ ಒಳಗೆಳೆದುಕೊಂಡಿತು. "ಕುಬೇರನ ದಿಕ್ಕಿಗೆ ಜೀವಂತ ಕೂರ್ಮ. ವಾಸ್ತುವಿನವರು ಹೇಳಿದ್ದು. ಹಿತ್ತಾಳೇದು ಎಲ್ಲಾರ ಮನೇಲೂ ಇರುತ್ತೆ, ಅದು ಅಗ್ಗ. ಇದು ಉತ್ತರಕ್ಕೆ ಮುಖ ಮಾಡಿ ಕೂತ್ರೆ ಮನೇಗೆ ಆಗೋದೇ ಬೇರೆ."

"ಜೀವ ಇರೋದು ಒಂದೇ ಕಡೆ ಮುಖ ಮಾಡ್ಕಂಡು ಕೂರ್ತದಾ ಸಾರ್?"

"ಕೂರಿಸ್ಬೇಕು ರೀ. ಅದಕ್ಕೊಂದು ವಳಿ ಕಂಡುಹಿಡಿದಿದೀನಿ."

ದಾರಿಗೆ ಇಲ್ಲಿ ಬೆಳೆದ ಕನ್ನಡಿಗರು ವಳಿ ಎನ್ನುತ್ತಾರೆ. ಅವರು ಕಂಡುಹಿಡಿದ ವಳಿ ಏನೆಂದು ಬಗ್ಗಿ ನೋಡಿದೆ. ತೊಟ್ಟಿಯ ಉತ್ತರದ ತುದಿಯಲ್ಲಿ ಬಂಡೆಯ ಆಕಾರದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಯಿಲ್, ಹಿಂದೆ ವೈರು. ಕರೆಂಟಿನಲ್ಲಿ ಬಿಸಿಯಾಗುವ ಕಲ್ಲು. ಅದರ ಮೇಲೆ ಅದೇ ಉತ್ತರದ ಗೋಡೆಗಿದ್ದ ಎ.ಸಿ.ಯಿಂದ ತಣ್ಣನೆ ಗಾಳಿ ಬೀಳುತ್ತಿತ್ತು. ಮರಿಗೆ ಬೆನ್ನ ಮೇಲೆ ಚಳಿ. ಪಾಪ, ಅದು ಹುಡುಕಿಕೊಂಡು ಹೋಗಿ ಆ ಕಲ್ಲನ್ನು ಅಪ್ಪಿಕೊಂಡು, ಉತ್ತರದ ಗಾಜಿಗೆ ಮೂತಿಯಿಟ್ಟು ಕೂರುತ್ತಿತ್ತು. ಬರುವವರಿಗೆ ಪ್ರೆಸಿಡೆಂಟರು ಉತ್ತರಮುಖಿ ಎಂದು ತೋರಿಸುತ್ತಿದ್ದರು. ಸುತ್ತ ಬಣ್ಣ ಬದಲಿಸುವ ಎಲ್.ಇ.ಡಿ. ಸರ, ಕೆಂಪಿನಿಂದ ನೀಲಿ, ನೀಲಿಯಿಂದ ಹಸಿರು. ಬಟ್ಟೆಯ ಹೂವು. ನೀರಿನ ತಟ್ಟೆಯಲ್ಲಿ ಬಂದವರು ಹಾಕಿದ ನಾಣ್ಯ. ಮರಿ ಆ ನೀರನ್ನೇ ಕುಡಿಯಬೇಕು. ಮೂಲೆಯಲ್ಲಿ ಯಾರೋ ಹಾಕಿದ ಕೇಕಿನ ತುಂಡು ಬೂಸಲು ಹಿಡಿದು ಬಿದ್ದಿತ್ತು.

"ಬಾಲ್ಕನಿ ಬಾಗಿಲು ತೆಗೆದು ಬೆಳಿಗ್ಗೆ ಒಂಚೂರು ಬಿಸಿಲಿಗೆ ಬಿಡಿ ಸಾರ್. ಇದ್ಯಾವುದೂ ಬೇಕಾಗಲ್ಲ. ಬಿಟ್ಟಿ ಬಿಸಿಲು," ಎಂದೆ.

ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದಕೂಡಲೇ ಅವರ ಮುಖ ಮುಚ್ಚಿಕೊಂಡಿತು. "ಬಾಲ್ಕನಿ ದಕ್ಷಿಣಕ್ಕಿದೆ ರೀ. ಅಲ್ಲಿರೋದು ಯಮ."

ಅದಾಗಿ ಸ್ವಲ್ಪ ದಿನಕ್ಕೆ ಅವರ ಹೆಂಡತಿ ನನ್ನ ಅಂಗಡಿಗೆ ಬಂದರು. ಅಡ್ಯಾರಿನಿಂದ ಪಲ್ಲಾವರಕ್ಕೆ, ಗಂಡನ ಕಾರು ಬಿಟ್ಟು ಆಟೋದಲ್ಲಿ. ಚಪ್ಪಲಿ ಡಬ್ಬಿಯೊಂದರಲ್ಲಿ ಹಳೇ ಸೀರೆಯ ತುಂಡು ಹಾಸಿ, ಅದರ ಮೇಲೆ ಮರಿ. ಕಣ್ಣು ಅಂಟಿಕೊಂಡಿತ್ತು. ಚಿಪ್ಪಿನ ಅಂಚನ್ನು ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಬಗ್ಗುತ್ತಿತ್ತು. ತಿರುಗಿಸಿ ನೋಡಿದೆ. ಹೊಟ್ಟೆಯ ಕೆಳಗೆ ಕಂದು ಬಣ್ಣದ ಸುಟ್ಟ ಗಾಯ, ಬೆಂದ ಉಗುರಿನ ವಾಸನೆ.

"ಅಣ್ಣಾ, ಕುಟ್ಟಿ ಏನೂ ತಿಂತಿಲ್ಲ. ಡಾಕ್ಟರ್ ಹತ್ರ ಹೋಗಿದ್ದೆ. ಲೈಟ್ ಏನೋ ಹಾಕ್ಬೇಕಂತೆ, ನಂಗೆ ಹೇಳಕ್ಕೆ ಬರ್ತಿಲ್ಲ. ನೀವೇ ಕೇಳಿ," ಎಂದು ಫೋನನ್ನು ಗಲ್ಲಾದ ಮೇಲೆ ಸ್ಪೀಕರಿಗೆ ಹಾಕಿಟ್ಟರು. ಕುಟ್ಟಿ ಎಂದರೆ ಪುಟ್ಟದು. ಆ ಮನೆಯಲ್ಲಿ ಮರಿಗೆ ಹೆಸರಿಟ್ಟಿದ್ದು ಆಕೆಯೊಬ್ಬರೇ.

ಆ ಕಡೆ ಇದ್ದ ಪಶುವೈದ್ಯೆ ತಮಿಳಿನಲ್ಲಿ ಮೊದಲು ಬೈದು ಮುಗಿಸಿದರು. ಚೆನ್ನೈನಲ್ಲಿ ಕೂತು ಆಮೆಗೆ ಹೀಟರ್ ಕೇಳುತ್ತಿದ್ದೀರಲ್ಲ, ಮೊದಲು ಎ.ಸಿ. ನಿಲ್ಲಿಸಿ ಎಂದರು.

"ಅದು ಆಗಲ್ಲ ಡಾಕ್ಟರ್," ಎಂದರು ಈಕೆ.

"ಯಾಕೆ?"

"ಅವರಿಗೆ ಸೆಕೆಯಾಗುತ್ತೆ."

ಆಮೇಲೆ ಆ ಡಾಕ್ಟರಮ್ಮ ನನಗೆ ಒಂದೊಂದಾಗಿ ಬಿಡಿಸಿ ಹೇಳಿದರು. ನಾನು ತಿರುಗಿ ತಿರುಗಿ ಕೇಳಿದೆ, ಅವರು ಬೇಸರಿಸಲಿಲ್ಲ. ಆಮೆಮರಿ ಸಾಕುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರು ಹೇಳಿದ್ದನ್ನೂ ನಾನು ಕೈಯಾರೆ ಮಾಡಿ ಕಲಿತದ್ದನ್ನೂ ತೆಗೆದುಕೊಳ್ಳಿ, ಇದಕ್ಕೆ ಬಿಲ್ಲು ಹಾಕುವುದಿಲ್ಲ.

ಆಮೆಗೆ ಬಿಸಿ ಮೇಲಿನಿಂದ ಬರಬೇಕು, ಸೂರ್ಯನ ಹಾಗೆ. ಕೆಳಗಿನಿಂದ ಸುಡುತ್ತಿದ್ದರೆ ಅದಕ್ಕೆ ಬೇಗ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹೊಟ್ಟೆ ಬೆಂದಿರುತ್ತದೆ. ಆದ್ದರಿಂದ ಬಿಸಿಕಲ್ಲನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ. ಗೂಡಿನ ಒಂದು ತುದಿ ಮಾತ್ರ ಬಿಸಿಯಿರಬೇಕು, ಇನ್ನೊಂದು ತುದಿ ತಂಪಾಗಿ, ಅಡಗುವುದಕ್ಕೆ ಒಂದು ಗೂಡು. ಎಲ್ಲಿರಬೇಕು ಎಂದು ಅದೇ ತೀರ್ಮಾನ ಮಾಡಿಕೊಳ್ಳುತ್ತದೆ, ನಾವಲ್ಲ. ಬಿಸಿ ಬಲ್ಬನ್ನು ಪ್ಲಾಸ್ಟಿಕ್ ಹೋಲ್ಡರಿಗೆ ಹಾಕಬೇಡಿ, ಕರಗುತ್ತದೆ. ಪಿಂಗಾಣಿ ಹೋಲ್ಡರೇ ಆಗಬೇಕು. ಕ್ಲಿಪ್ಪು ನಂಬಬೇಡಿ, ಒಂದು ದಿನ ಜಾರಿ ಒಣಹುಲ್ಲಿನ ಮೇಲೆ ಬಿದ್ದರೆ ಮನೆಗೇ ಬೆಂಕಿ. ಸರಪಣಿಯಲ್ಲಿ ತೂಗುಹಾಕಿ, ಸುತ್ತ ತಂತಿ ಬಲೆ ಕಟ್ಟಿ. ಶಾಖ ಮಿತಿ ಮೀರಿದರೆ ತಾನಾಗಿ ನಿಲ್ಲಿಸುವ ಥರ್ಮೋಸ್ಟಾಟ್ ಇಲ್ಲದೆ ಕರೆಂಟು ಕೊಡಲೇಬೇಡಿ. ಬಿಸಿಲಿನಲ್ಲಿ ಚಿಪ್ಪನ್ನು ಗಟ್ಟಿ ಮಾಡುವ ಒಂದು ಕಿರಣವಿದೆ, ಅದನ್ನು ಕೊಡುವ ಯು.ವಿ.ಬಿ. ಟ್ಯೂಬು ಬೇರೆಯೇ ಬರುತ್ತದೆ. ಎಲ್.ಇ.ಡಿ.ಯಲ್ಲಿ ಅದಿಲ್ಲ. ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಿನಲ್ಲೂ ಇಲ್ಲ, ಗಾಜು ಅದನ್ನು ತಡೆಯುತ್ತದೆ. ಆ ಟ್ಯೂಬು ಉರಿಯುತ್ತಿದ್ದರೂ ಕಾಲ ಕಳೆದಂತೆ ಕಿರಣ ಸತ್ತಿರುತ್ತದೆ. ಡಬ್ಬಿಯ ಮೇಲೆ ಹೇಳಿದ ಅವಧಿಗೆ ಬದಲಾಯಿಸಿ, ಚೌಕಾಸಿ ಇಲ್ಲಿ ಬೇಡ. ರಾತ್ರಿ ಎಲ್ಲ ಬೆಳಕೂ ಆರಿರಲಿ. ಕೆಂಪು, ನೀಲಿ ದೀಪ ಮದುವೆ ಮನೆಗೆ ಇಟ್ಟುಕೊಳ್ಳಿ.

ಪ್ರೆಸಿಡೆಂಟರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಎಲ್ಲ ಹೊರದೇಶದ ಸಾಮಾನು ಎಂದೆ. ರೇಟೆಷ್ಟು ಎಂದರು. ಹೇಳಿದೆ. ಮುಖ ಅರಳಿತು. ಗಾಜಿನ ತೊಟ್ಟಿಯ ಬದಲು ಮರದ ಗೂಡು ಮಾಡಿಸಿದೆ, ತೇಗವೆಂದ ಮೇಲೆ ಅದಕ್ಕೂ ಒಪ್ಪಿದರು. ದೀಪ ದಕ್ಷಿಣದ ತುದಿಗೆ ಬಂತು. ಬೇಕೆಂದು ಮಾಡಿದ್ದಲ್ಲ, ಎ.ಸಿ. ಗಾಳಿ ಬೀಳದ ಜಾಗ ಆ ಹಾಲಿನಲ್ಲಿ ಅದೊಂದೇ.

ಕುಟ್ಟಿ ಚೇತರಿಸಿಕೊಂಡಿತು. ಆಕೆಯ ಫೋನು ಬಂತು: "ಅಣ್ಣಾ, ಇವತ್ತು ದಾಸವಾಳದ ಎಲೆ ತಿಂತು. ಕಣ್ಣು ಬಿಟ್ಟು, ನನ್ನೇ ನೋಡ್ತಾ ತಿಂತು." ಅವರ ದನಿಯಲ್ಲಿ ಅಷ್ಟು ಜೀವ ನಾನು ಮೊದಲು ಕೇಳಿರಲಿಲ್ಲ.

ಇನ್ನೊಂದು ಫೋನೂ ಬಂತು.

"ಏನ್ರೀ ಲೈಟು, ಆಮೇನ ಏನು ಮಾಡಿಟ್ಟಿದೀರಿ? ಇಡೀ ದಿನ ದಕ್ಷಿಣಕ್ಕೆ ನೋಡ್ಕೊಂಡು ಕೂತಿರುತ್ತೆ."

"ಬಿಸಿ ಆ ಕಡೆ ಐತೆ ಸಾರ್."

"ಹಾಗಾದ್ರೆ ಬಿಸಿನ ಈ ಕಡೆ ಹಾಕಿ."

"ಈ ಕಡೆ ನಿಮ್ಮ ಎ.ಸಿ. ಐತಲ್ಲ ಸಾರ್. ಅದನ್ನ ಆಫ್ ಮಾಡಿದ್ರೆ ಹಾಕ್ಬೋದು."

"ಚುಮ್ಮಾ ಇರಿ ರೀ," ಎಂದು ನನ್ನ ಬಾಯಿ ಮುಚ್ಚಿಸಿ ಫೋನು ಇಟ್ಟುಬಿಟ್ಟರು.

ಆಮೇಲೆ ಆಕೆ ಹೇಳಿದ್ದು: ಊಟಕ್ಕೆ ಎದ್ದಾಗಲೆಲ್ಲ ಅವರು ಗೂಡಿನ ಹತ್ತಿರ ಹೋಗಿ, ಮರಿಯನ್ನು ಎತ್ತಿ ಉತ್ತರಕ್ಕೆ ತಿರುಗಿಸಿ ಇಡುತ್ತಿದ್ದರಂತೆ. ಕೈ ಒರೆಸಿಕೊಂಡು ಕಾಗದವನ್ನು ಹೆಂಡತಿಗೆ ಕೊಡುವಷ್ಟರಲ್ಲಿ ಅದು ನಿಧಾನಕ್ಕೆ ಸುತ್ತು ಹಾಕಿ ದಕ್ಷಿಣಕ್ಕೆ ಹೋಗಿ ಕೂರುತ್ತಿತ್ತಂತೆ. "ನಾನು ಈ ಮನೇಲಿ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹಾಗೆ ಮಾಡಿಲ್ಲ ಅಣ್ಣಾ," ಎಂದು ಆಕೆ ನಕ್ಕರು.

ರಾಜ್ಯೋತ್ಸವ ಮುಗಿದ ಮೇಲೆ ಸಂಘದವರಿಗೆಲ್ಲ ಅವರ ಮನೆಯಲ್ಲಿ ಊಟ. ನಾನೂ ಹೋದೆ. ಹೊರಗೆ ಮಳೆ ಹುಯ್ಯುತ್ತಿತ್ತು, ಒಳಗೆ ಎ.ಸಿ. ನಡೆಯುತ್ತಿತ್ತು. ಮರದ ಗೂಡು ಕಾಣಲಿಲ್ಲ. ಹಳೆಯ ಗಾಜಿನ ತೊಟ್ಟಿ ವಾಪಸ್ಸು ಬಂದಿತ್ತು. ಬಣ್ಣದ ಸರ ಮಿನುಗುತ್ತಿತ್ತು. ನಾನು ಹಾಕಿದ ದೀಪವನ್ನು ಕಿತ್ತು, ಟ್ಯೂಬಿನ ಸಮೇತ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು. ಉತ್ತರದ ತುದಿಯಲ್ಲಿ ಅದೇ ಕಲ್ಲು. ಕಲ್ಲಿನ ಮೇಲೆ ಕುಟ್ಟಿ, ಕಣ್ಣು ಮುಚ್ಚಿಕೊಂಡು.

ಅಷ್ಟಾಗಿದ್ದರೆ ನಾನು ಪಲ್ಯ ಬಡಿಸಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಪ್ರೆಸಿಡೆಂಟರು ಎಲ್ಲರನ್ನೂ ಹತ್ತಿರ ಕರೆದರು. ಮರಿಯನ್ನು ಎತ್ತಿ, ತಟ್ಟನೆ ಅಂಗಾತ ಮಾಡಿ ಹಿಡಿದರು. ನಾಲ್ಕು ಕಾಲೂ ಗಾಳಿಯಲ್ಲಿ ಆಡಿದವು.

"ನೋಡಿ, ಹೊಟ್ಟೆ ಮೇಲೆ ಶಂಖ ಮೂಡಿದೆ. ಪಾರುಂಗೋ, ಸರಿಯಾಗಿ ನೋಡಿ. ತಾನಾಗೇ ಬಂದಿದ್ದು."

ಅದು ಆ ಸುಟ್ಟ ಗಾಯ. ಮೊದಲಿನದರ ಮೇಲೆ ಹೊಸದು ಸೇರಿ ಉದ್ದಕ್ಕೆ ಚಾಚಿಕೊಂಡಿತ್ತು, ಒಂದು ಅಂಚು ಒದ್ದೆಯಾಗಿ ಹೊಳೆಯುತ್ತಿತ್ತು. ಸಂಘದ ಖಜಾಂಚಿಯ ಹೆಂಡತಿ ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇನ್ನೊಬ್ಬರು ಫೋಟೋ ತೆಗೆದರು. ಯಾರೋ ನೀರಿನ ತಟ್ಟೆಗೆ ನಾಣ್ಯ ಹಾಕಿದ ಸದ್ದು. ಕೈತೊಳೆಯುವ ಬೇಸಿನ್ನಿಗೆ ಹೋಗಿ ಉಗುಳಿ ಬಂದೆ. ಅಡುಗೆಮನೆಯ ಬಾಗಿಲಲ್ಲಿ ಆಕೆ ಸೌಟು ಹಿಡಿದು ನಿಂತಿದ್ದರು. ನನ್ನನ್ನು ನೋಡಿದರು.

ಕೂಗಾಡಿದ್ದರೆ ಕುಟ್ಟಿ ಅಲ್ಲೇ ಸಾಯುತ್ತಿತ್ತು. ಕೊಡಿ ಎಂದು ಕೇಳಿದ್ದರೂ ಅಷ್ಟೇ. ಇನ್ನೊಬ್ಬರಿಗೆ ಬೇಕು ಎಂದು ಗೊತ್ತಾದರೆ ಆ ಮನುಷ್ಯ ಹಳೇ ಪೇಪರನ್ನೂ ಬಿಟ್ಟುಕೊಡುವವರಲ್ಲ. ನಾನು ಸಂತೆಯವನು. ಎಲ್ಲರೂ ಎಲೆಗೆ ಕೂತ ಮೇಲೆ 'ಒಂದು ನಿಮಿಷ ಸಾರ್' ಎಂದು ತೊಟ್ಟಿಯ ಹತ್ತಿರ ಕರೆದು, ಮೂಗಿಗೆ ಕರವಸ್ತ್ರ ಹಿಡಿದೆ.

"ಏನು ಸಾರ್ ಇದು, ಈ ಪಾಟಿ ನಾತ ಹೊಡೀತೈತೆ. ಇದು ಇವತ್ತೋ ನಾಳೆಯೋ ಅನ್ನೋ ಹಂಗೈತೆ."

"ಏನಂದ್ರಿ?"

"ನಂಗೆ ವಾಸ್ತು ಗೊತ್ತಿಲ್ಲ. ಕೂರ್ಮ ಮನೇ ಒಳಗೆ ಜೀವ ಬಿಟ್ರೆ, ಅದೂ ಕುಬೇರನ ದಿಕ್ಕಿಗೆ ಮುಖ ಮಾಡ್ಕಂಡು, ಅದು ಒಳ್ಳೇದಕ್ಕೋ ಕೆಟ್ಟದಕ್ಕೋ ನಿಮ್ಮೋರನ್ನೇ ಕೇಳ್ಕಳಿ."

ಉಂಗುರ ಕುಟ್ಟುವುದು ನಿಂತಿತು. "ಇವತ್ತೋ ನಾಳೆನೋ ಅಂತೀರಾ?"

ಎರಡು ಬೆರಳಲ್ಲಿ ಮರಿಯನ್ನು ಎತ್ತಿದೆ, ಮುಖ ಕಿವುಚಿದೆ, ಕೆಳಗಿಟ್ಟೆ. "ನಿಮ್ಮ ಹಣೇಬರ ಸಾರ್. ನಾನು ಬರ್ತೀನಿ, ಮಳೆ ಜೋರಾಗೋ ಹಂಗೈತೆ." ಬಾಗಿಲ ಕಡೆ ನಡೆದೆ.

"ಲೈಟು, ನಿಲ್ಲಿ ರೀ. ನೀವೇ ತಗೊಂಡು ಹೋಗಿ ಇದನ್ನ."

"ನಂಗ್ಯಾಕೆ ಸಾರ್ ಈ ಪೀಡೆ? ನಮ್ಮನೇಲಿ ಸತ್ರೆ ನಂಗೆ ಒಳ್ಳೇದಾಗ್ತದಾ?" ಚಪ್ಪಲಿ ಹಾಕಿಕೊಂಡೆ.

"ಏನಪ್ಪಾ, ಹೇಳಿದ್ದು ಕೇಳೋದಿಲ್ವಾ. ಒಂದು ಉಪಕಾರ ಅಂದ್ಕೊಳ್ಳಿ."

ಅವರ ಬಾಯಲ್ಲಿ ಅಪ್ಪಾ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಒಲ್ಲದ ಮನಸ್ಸಿನಿಂದ ತಿರುಗಿದೆ. ಆಕೆ ಅಷ್ಟು ಹೊತ್ತಿಗೆ ಅಟ್ಟದಿಂದ ದೀಪ ಇಳಿಸಿ ಒಂದು ಚೀಲದಲ್ಲಿ ಹಾಕಿ ತಂದಿದ್ದರು. ಬೇರೊಂದು ಚೀಲದಲ್ಲಿ ದಾಸವಾಳದ ಎಲೆ. ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಪ್ರೆಸಿಡೆಂಟರು ಒಂದು ಮಾತು ಸೇರಿಸಿದರು. ಅದನ್ನು ಇದ್ದ ಹಾಗೇ ಬರೆಯುತ್ತೇನೆ.

"ಸತ್ರೆ ನಂಗೆ ಹೇಳ್ಬೇಡಿ. ಬದುಕಿದ್ರೆ ಅದು ನಂದೇ."

ಬದುಕಿತು. ನಮ್ಮ ಮನೆಯ ತಾರಸಿಯಲ್ಲಿ ಒಂದು ಕಡೆ ಮಣ್ಣು ಸುರಿದು, ಗರಿಕೆ ಹಾಕಿ, ನೆರಳಿಗೆ ತೆಂಗಿನ ಗರಿಯ ಚಪ್ಪರ ಕಟ್ಟಿದೆ. ದಾಸವಾಳದ ಕುಂಡ, ಕರಿಬೇವಿನ ಕುಂಡ. ಮೆಟ್ಟಿಲ ಮೇಲಿನ ಕೋಣೆಯಲ್ಲಿ ಹೊಸದಾಗಿ ಮಾಡಿಸಿದ ಇನ್ನೊಂದು ಮರದ ಗೂಡು, ಮಳೆಗಾಲಕ್ಕೆ. ಗಾಯ ಒಣಗುವುದಕ್ಕೆ ಡಾಕ್ಟರಮ್ಮ ಬಹಳ ಕಷ್ಟಪಟ್ಟರು. ಸುಟ್ಟ ಕಲೆ ಈಗಲೂ ಇದೆ. ಅರಣ್ಯ ಇಲಾಖೆಯಲ್ಲಿ ಹೆಸರು ಬದಲಾಯಿಸಿಕೊಡಿ ಎಂದು ನಾನು ಕೇಳುತ್ತಲೇ ಬಂದೆ, ಪಾಕ್ಕಲಾಂ ಪಾಕ್ಕಲಾಂ, ನೋಡೋಣ ನೋಡೋಣ ಎಂದು ಅವರು ದೂಡುತ್ತಲೇ ಬಂದರು. ಸಹಿ ಹಾಕಲೇ ಇಲ್ಲ.

ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಉರಿಬಿಸಿಲಿನಲ್ಲಿ ಒಂದು ದಿನ ತಾವೇ ಬಂದರು. ಫೋಟೋ ಬೇಕಿತ್ತಂತೆ. ಮೊಬೈಲು ಹಿಡಿದುಕೊಂಡು ತಾರಸಿಯ ನಡುವೆ ನಿಂತರು. ಕುಟ್ಟಿ ಚಪ್ಪರದ ಕಡೆಗೆ ಹೊರಟಿತ್ತು, ಕಾದ ನೆಲ. ದಾರಿಯಲ್ಲಿ ಅವರ ನೆರಳು ಸಿಕ್ಕಿತು. ಅದು ಆ ನೆರಳಿನೊಳಗೆ ನುಗ್ಗಿ, ಅವರ ಕಾಲ ಹತ್ತಿರ ಕತ್ತು ಚಾಚಿ ಕೂತುಬಿಟ್ಟಿತು. ನಾನು ಮಜ್ಜಿಗೆ ತರಲು ಕೆಳಗೆ ಹೋಗಿ ಬಂದೆ. ಅವರು ಹಾಗೇ ನಿಂತಿದ್ದರು. ಅಂಗಿಯ ಬೆನ್ನು ತೊಯ್ದು ಮೈಗಂಟಿತ್ತು, ಮುಖ ಕೆಂಪೇರಿತ್ತು. ಎ.ಸಿ. ಇಲ್ಲದ ಕಡೆ ಆ ಮನುಷ್ಯ ಅಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿರಲಿಲ್ಲ. ಕಾಲು ಕದಲಿಸಲಿಲ್ಲ. ಅವರನ್ನು ಅಸಹ್ಯವಿಲ್ಲದೆ ನೋಡಿದ್ದು ನಾನು ಅದೊಂದು ಸಲ.

ಕುಟ್ಟಿ ತಾನಾಗಿ ಎದ್ದು ಹೋದ ಮೇಲೆ ಬಗ್ಗಿ ಅದರ ಚಿಪ್ಪು ಮುಟ್ಟಿದರು. ಆಮೇಲೆ ಜೇಬಿನಲ್ಲಿ ಕಾಗದ ಸಿಗದೆ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಹೆಂಡತಿಯ ಸೀರೆಗೆ ಕೈ ಒರೆಸಿದರು.

"ಲೈಟು, ಆ ನೀರಿನ ಟ್ಯಾಂಕು ಬೀಳದ ಹಾಗೆ ಒಂದು ಫೋಟೋ ತೆಗೀರಿ. ಫ್ರೆಂಡ್ಸಿಗೆ ಫಾರ್ಮ್‌ಹೌಸ್ ಅಂತ ಹೇಳಿದೀನಿ."

ತೆಗೆದುಕೊಟ್ಟೆ. ಸೀರೆಯನ್ನು ಇನ್ನೊಂದು ಸಲ ಒಗೆಸಿದೆ.

ಅವರು ಹೋದದ್ದು ಹೃದಯಾಘಾತದಿಂದ, ನಿದ್ದೆಯಲ್ಲಿ, ಎ.ಸಿ. ಕೋಣೆಯಲ್ಲಿ. ನೋವಿರಲಿಲ್ಲ ಎನ್ನುತ್ತಾರೆ. ಸಂತೋಷ. ಆಕೆ ಈಗ ಆಗಾಗ ಆಟೋದಲ್ಲಿ ಬರುತ್ತಾರೆ, ದಾಸವಾಳದ ಎಲೆ ಕಟ್ಟಿಕೊಂಡು. ನಮ್ಮ ಕುಂಡದಲ್ಲಿ ಬೇಕಾದಷ್ಟಿದೆ ಎಂದರೂ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಅಳಿಯ ಅಂಗಡಿಗೆ ಬಂದ. ಇಲ್ಲೇ ಓದಿ ಬೆಳೆದವನು, ಮಾವನನ್ನು ತಮಿಳಿನಲ್ಲಿ ಮಾಮನಾರ್ ಎನ್ನುವವನು, ಅತ್ತೆಯ ಜೊತೆಗೇ ಈಗ ಆ ಫ್ಲ್ಯಾಟಿನಲ್ಲಿದ್ದಾನೆ.

"ಅಂಕಲ್, ಮಾಮನಾರ್ ಫಾರ್ಮ್‌ಹೌಸ್ ನಿಮಗೆ ಗೊತ್ತಂತಲ್ವಾ? ಡಾಕ್ಯುಮೆಂಟ್ಸ್ ಎಲ್ಲೂ ಸಿಗ್ತಾ ಇಲ್ಲ."

"ಬನ್ನಿ," ಎಂದು ಮನೆಗೆ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸಿದೆ. ತುಂತುರು ಹನಿಯುತ್ತಿತ್ತು. ಅವನು ನೀರಿನ ಟ್ಯಾಂಕು ನೋಡಿದ, ಬಟ್ಟೆಯ ಹಗ್ಗ ನೋಡಿದ, ಎರಡು ಕುಂಡ ನೋಡಿದ.

"ಫಾರ್ಮ್?"

"ಇದೇ."

"ಹೌಸ್?"

ಮೆಟ್ಟಿಲ ಮೇಲಿನ ಕೋಣೆಯ ಬಾಗಿಲು ತೆಗೆದೆ. ಗೂಡಿನಲ್ಲಿ ದೀಪದ ಕೆಳಗೆ ಕುಟ್ಟಿ ಕಾಲು ಚಾಚಿ ಮಲಗಿತ್ತು. ಈಗ ಅದು ದೊಡ್ಡ ಬೋಗುಣಿಯಷ್ಟಾಗಿದೆ. ಅವನ ಮುಖದಲ್ಲಿದ್ದ ನಿರಾಸೆ ಸ್ವಲ್ಪ ಸ್ವಲ್ಪವಾಗಿ ಬೇರೆ ಬಣ್ಣಕ್ಕೆ ತಿರುಗಿತು. ಆ ಬಣ್ಣ ನನಗೆ ಗೊತ್ತು.

"ಇದು ಲಕ್ಕಿ ಅಂತಾರಲ್ವಾ ಅಂಕಲ್? ಪೇಪರ್ಸ್ ಮಾಮನಾರ್ ಹೆಸರಲ್ಲೇ ಇದೆಯಾ?"

"ಐತೆ."

"ಹಾಲಲ್ಲಿ ಆ ಗ್ಲಾಸ್ ಟ್ಯಾಂಕ್ ಅಪ್ಪಡಿಯೇ, ಹಾಗೇ ಇದೆ. ಇದು ಹಿಡಿಸಲ್ಲ ಅಂದ್ರೆ ದೊಡ್ಡದು ಮಾಡಿಸ್ಬಹುದು."

ಮೂಗಿಗೆ ಕರವಸ್ತ್ರ ಹಿಡಿದೆ.

"ಇವತ್ತೇ ಒಯ್ದುಬಿಡಿ, ನಂಗೂ ಸಾಕಾಗೈತೆ. ತಿನ್ನೋದು, ಗಲೀಜು ಮಾಡೋದು. ಆಟೋ ನಾನೇ ಕರೀತೀನಿ. ಒಂದೇ ಒಂದು ಐತೆ ನೋಡಿ, ದಿಕ್ಕು ಸರಿ ಇಲ್ಲ."

"ಯಾವ ದಿಕ್ಕು?"

"ಇಲ್ಲಿಗೆ ಬಂದಾಗಿಂದ ಹಿಂಗೇ, ಒಂದೇ ಕಡೆ ಮುಖ. ಎಷ್ಟು ತಿರುಗಿಸಿದ್ರೂ ಕೇಳಲ್ಲ. ನಿಮ್ಮ ಮಾವನೋರೂ ಎಷ್ಟೋ ಪಾಡುಪಟ್ರು."

ಅವನು ಮೊಬೈಲು ತೆಗೆದು ಅದರಲ್ಲಿದ್ದ ದಿಕ್ಸೂಚಿಯನ್ನು ಕುಟ್ಟಿಯ ತಲೆಯ ನೇರಕ್ಕೆ ಹಿಡಿದ. ಮುಳ್ಳು ಅಲ್ಲಾಡಿ ನಿಂತಿತು. ಅವನು ಹಿಂದಕ್ಕೆ ಸರಿದ.

"ದಕ್ಷಿಣ," ಎಂದ, ತನಗೆ ತಾನೇ. ಆಮೇಲೆ ನನ್ನನ್ನು ನೋಡಿದ. "ಮಾಮನಾರ್ ಹೋಗೋ ಮುಂಚೇನೂ ಹೀಗೇನಾ?"

ನಾನು ಕುಟ್ಟಿಯ ಕಡೆ ಕೈ ಚಾಚಿದೆ. "ಎತ್ಕಳಿ, ಚೀಲ ಕೊಡ್ತೀನಿ."

"ಬೇಡ ಬೇಡ ಅಂಕಲ್. ನೀವೇ ಇಟ್ಕೊಳ್ಳಿ."

"ಅದೆಂಗಾಗ್ತದೆ? ಬೇರೆಯೋರ ಹೆಸರಿನ ಪ್ರಾಣಿ ನಾನು ಯಾಕೆ ಸಾಕ್ಲಿ? ಒಯ್ರಿ," ಎಂದು ಮೆಟ್ಟಿಲ ಕಡೆ ತಿರುಗಿದೆ.

"ಅಂಕಲ್, ಒಂದು ನಿಮಿಷ. ಅತ್ತೆ ಹತ್ರ ಎಲ್ಲಾದಕ್ಕೂ ಸೈನ್ ಹಾಕಿಸಿ ಕಳಿಸ್ತೀನಿ. ಪ್ರಾಮಿಸ್."

ಒಲ್ಲದ ಮನಸ್ಸಿನಿಂದ ಒಪ್ಪಿದೆ. ಅವನು ಏನನ್ನೂ ಮುಟ್ಟಿರಲಿಲ್ಲ, ಆದರೂ ಇಳಿಯುವಾಗ ಜೇಬಿನಿಂದ ಕಾಗದ ತೆಗೆದು ಕೈ ಒರೆಸಿಕೊಂಡ. ಒರೆಸಿದ್ದನ್ನು ನನ್ನ ಕೈಗೆ ಕೊಟ್ಟ.

ಮಳೆ ಜೋರಾಯಿತು. ನಾನು ಮೇಲೆ ಹೋಗಿ, ಸರಪಣಿ ಭದ್ರವಾಗಿದೆಯೇ, ಬಲೆ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿದೆ. ಕುಟ್ಟಿ ಒಂದು ಕಣ್ಣು ತೆರೆದು ಮುಚ್ಚಿತು. ಈ ಕೋಣೆಯಲ್ಲಿ ಎ.ಸಿ. ಇಲ್ಲ. ದೀಪವನ್ನು ಯಾವ ತುದಿಗೆ ಬೇಕಾದರೂ ತೂಗುಹಾಕಬಹುದು. ನಾನು ದಕ್ಷಿಣಕ್ಕೇ ಹಾಕಿದ್ದೇನೆ.